ಮನೆತನ ಮೂರು

ಮಾರ್ಚ್ 4

ಡಾಕ್ಟರಮ್ಮನವರಿಗೆ,

ನನ್ನ ಗುರುತು ನಿಮಗೆ ಹತ್ತಲಾರದು. ನಾನೀಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹತ್ತೊಂಬತ್ತು ವರ್ಷದ ಹಿಂದೆ ನೀವು ನನ್ನನ್ನು ಕಂಡಾಗ ನನಗೆ ಹದಿನೇಳು. ಪಕ್ಕದಲ್ಲಿ ಹನ್ನೆರಡರ ತಮ್ಮ ನಿಂತಿದ್ದ, ಎದುರಿನ ಮಂಚದ ಮೇಲೆ ಅಪ್ಪ ಮಲಗಿದ್ದ. ಅಪ್ಪ ಮನೆಗಳಿಗೆ ಬಣ್ಣ ಹಚ್ಚುವ ಪೇಂಟರ್. ಏಣಿ ಹತ್ತಿದರೆ ಏದುಸಿರು ಬರುತ್ತದೆಂದು ಆಸ್ಪತ್ರೆಗೆ ಸೇರಿಸಿದ್ದೆವು. ಹೃದಯದ ಗೋಡೆ ದಪ್ಪವಾಗಿದೆ ಎಂದರು, ಮಾತ್ರೆ ಬರೆದುಕೊಟ್ಟರು.

ಆಗ ನೀವು ಬಂದಿರಿ. ಅಪ್ಪನ ಮೀನಖಂಡದಿಂದ ಕಡಲೆಕಾಳಿನಷ್ಟು ಮಾಂಸ ತೆಗೆದಿರಿ. "ಹೃದಯ ಕೆಟ್ರೆ ಕಾಲು ಯಾಕಮ್ಮ ಕೊಯ್ತೀರಿ? ದಾರಿ ಗೀರಿ ತಪ್ಪಿದ್ರಾ?" ಎಂದು ಅಪ್ಪ ಕೇಳಿದ. ನೀವು ನಕ್ಕಿರಿ. ಅಪ್ಪ, ಸೋದರತ್ತೆ, ನಾನು, ತಮ್ಮ, ಹೀಗೆ ನಾಲ್ಕು ಜನರ ರಕ್ತ ತೆಗೆದುಕೊಂಡಿರಿ. ಸೂಜಿ ಕಂಡು ಮುಖ ಮುಚ್ಚಿಕೊಂಡ ತಮ್ಮನಿಗೆ ಬಣ್ಣದ ಪೆನ್ಸಿಲಿನ ಡಬ್ಬಿ ಕೊಟ್ಟಿರಿ. ಹೊರಡುವಾಗ ಅಮ್ಮ ಬಾಗಿಲಲ್ಲಿ ತಡೆದು, "ಏನಾದ್ರೂ ಗೊತ್ತಾದ್ರೆ ನಮಗೂ ಹೇಳ್ತೀರಲ್ವಾ?" ಎಂದಳು. "ಖಂಡಿತ ಹೇಳ್ತೀವಿ" ಎಂದಿರಿ. ಆ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ.

ಅದಾಗಿ ಎರಡು ವರ್ಷಕ್ಕೆ ಅಪ್ಪ ಏಣಿಯಿಂದ ಬಿದ್ದು ಸತ್ತ. ಕಾಲು ಜಾರಿತು ಎಂದರು. ಕುಡಿದಿದ್ದ ಎಂದವರೂ ಇದ್ದರು.

ಕಳೆದ ನವೆಂಬರಿನಲ್ಲಿ ನನ್ನ ತಮ್ಮ ಸತ್ತ. ಮೂವತ್ತೊಂದು ವರ್ಷ. ಅಗ್ನಿಶಾಮಕ ದಳದಲ್ಲಿದ್ದ. ಹೆಗಲ ಮೇಲೆ ನೀರಿನ ಪೈಪು ಹೊತ್ತು ಅಭ್ಯಾಸದ ಗೋಪುರ ಹತ್ತುತ್ತಿದ್ದವನು ನಾಲ್ಕನೇ ಮಹಡಿಯ ತಿರುವಿನಲ್ಲಿ ಕುಳಿತ, ಮತ್ತೆ ಏಳಲಿಲ್ಲ.

ಅವನಿಗೊಬ್ಬ ಮಗಳು. ಒಂಬತ್ತು ವರ್ಷ. ಕಿಟಕಿ, ಕಂಬ, ಬೀರು ಯಾವುದನ್ನೂ ಬಿಡದೆ ಹತ್ತುತ್ತಾಳೆಂದು ಅವಳನ್ನು ಅಳಿಲು ಎಂದೇ ಕರೆಯುತ್ತೇವೆ. ಹೃದಯದ ಡಾಕ್ಟರು ಅವಳ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದರು. ಮಯೋಸಿನ್ ಎಂಬ ಪ್ರೋಟೀನನ್ನು ಮಾಡುವ ಜೀನಿನಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ವರದಿ ಬಂತು. ವರದಿಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ಈ ತಪ್ಪು ಹಿಂದೆ ಒಂದು ಮನೆತನದಲ್ಲಿ ಕಂಡುಬಂದಿದೆ, ಇಂಥ ಪ್ರಬಂಧ ನೋಡಿ. ಡಾಕ್ಟರು ಆ ಪ್ರಬಂಧ ತರಿಸಿ ನನಗೆ ಓದಿ ಹೇಳಿದರು. 'ಮನೆತನ 3. ತಂದೆ ನಲವತ್ತೆರಡರ ಪೇಂಟರ್. ಒಬ್ಬ ಸಹೋದರಿ. ಇಬ್ಬರು ಮಕ್ಕಳು.' ಕೆಳಗೆ ಒಂದು ವಂಶದ ಚಿತ್ರ. ಅಪ್ಪ ಕಪ್ಪು ಚೌಕ. ಅತ್ತೆ ಕಪ್ಪು ವೃತ್ತ. ನಾನು ಖಾಲಿ ವೃತ್ತ, ಎಂದರೆ ದೋಷವಿಲ್ಲ. ತಮ್ಮ ಅರ್ಧ ಕಪ್ಪು ಚೌಕ. 'ಗಂಡು, 12 ವರ್ಷ, ದೋಷವಿದೆ, ಸದ್ಯ ಲಕ್ಷಣಗಳಿಲ್ಲ.'

ಪ್ರಬಂಧದ ಮೇಲೆ ಮೂರನೆಯ ಹೆಸರು ನಿಮ್ಮದು.

ನನಗೆ ಒಂದೇ ಪ್ರಶ್ನೆ. ನಿಮಗೆ ಗೊತ್ತಿತ್ತು. ನಮಗೆ ಯಾಕೆ ಹೇಳಲಿಲ್ಲ?

ಪೇಂಟರ್ ಮಗಳು


ಮಾರ್ಚ್ 29

ಮಾನ್ಯರೇ,

ತಮ್ಮ ಪತ್ರ ಸಂಸ್ಥೆಯ ಮೂಲಕ ನನ್ನ ಈಗಿನ ವಿಳಾಸಕ್ಕೆ ತಲುಪಿತು. ತಮ್ಮ ಸಹೋದರರ ನಿಧನಕ್ಕೆ ವಿಷಾದಿಸುತ್ತೇನೆ.

ಸಂಶೋಧನೆಯಲ್ಲಿ ಭಾಗವಹಿಸಿದವರ ಗುರುತನ್ನು ದೃಢಪಡಿಸುವ ಅಥವಾ ನಿರಾಕರಿಸುವ ಅಧಿಕಾರ ನನಗಿಲ್ಲ. ಅಂದಿನ ಒಪ್ಪಿಗೆ ಪತ್ರದ ಒಂಬತ್ತನೆಯ ಅಂಶದ ಪ್ರಕಾರ, ಫಲಿತಾಂಶಗಳನ್ನು ಯಾರಿಗೂ ವೈಯಕ್ತಿಕವಾಗಿ ತಿಳಿಸತಕ್ಕದ್ದಲ್ಲ. ತಾವು ಕಾನೂನಿನ ಕ್ರಮ ಕೈಗೊಳ್ಳಲು ಬಯಸಿದಲ್ಲಿ ಸಂಸ್ಥೆಯ ಆಡಳಿತ ಕಚೇರಿಗೆ ಬರೆಯುವುದು ಸೂಕ್ತ. ನಾನು ನಿವೃತ್ತಳಾಗಿ ಆರು ವರ್ಷವಾಗಿದೆ.

ತಮ್ಮ ವಿಶ್ವಾಸಿ,
ನಿವೃತ್ತ ಸಂಶೋಧಕಿ

ಮಗುವಿಗೆ ಪ್ರತಿ ವರ್ಷ ಹೃದಯದ ಸ್ಕ್ಯಾನ್ ತಪ್ಪಿಸಬೇಡಿ. ಓಡುವಾಗ ಎದೆ ನೋವು, ತಲೆ ಸುತ್ತು ಬಂದರೆ ಅಂದೇ ತೋರಿಸಿ.


ಏಪ್ರಿಲ್ 3

ಡಾಕ್ಟರಮ್ಮ,

ನಿಮ್ಮ ಪತ್ರವನ್ನು ಊಟದ ವಿರಾಮದಲ್ಲಿ ಶೆಡ್ಡಿನ ಬೆಂಚಿನ ಮೇಲೆ ಕುಳಿತು ಓದಿದೆ. ಕೈಯಲ್ಲಿದ್ದ ಸ್ಪ್ಯಾನರನ್ನು ಎಸೆದ ಸದ್ದಿಗೆ ಫೋರ್‌ಮನ್ ಓಡಿ ಬಂದ. "ಏನಕ್ಕಾ, ಯಾರಿಗೆ ಏನಾಯ್ತು?" ಎಂದ. "ನನಗೆ ಒಂಬತ್ತನೆಯ ಅಂಶ ಆಯ್ತು" ಎಂದೆ.

ನಾನು ಕೋರ್ಟಿನ ದಾರಿ ಕೇಳಿದ್ದೆನೇ? ವಿಷಾದ ಕೇಳಿದ್ದೆನೇ? ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅದಕ್ಕೆ ನೀವು ನಿಯಮದ ಹಿಂದೆ ಅವಿತುಕೊಂಡಿರಿ.

ನನಗೆ ಗೊತ್ತಿರುವುದು ಬಸ್ಸು. ಅದರಲ್ಲೇ ಹೇಳುತ್ತೇನೆ. ಒಂದು ಬಸ್ಸಿನ ಬ್ರೇಕ್ ಪೈಪು ಬಿರುಕು ಬಿಟ್ಟಿರುವುದು ನನ್ನ ಕಣ್ಣಿಗೆ ಬಿತ್ತು ಎಂದುಕೊಳ್ಳಿ. ನಾನು ಅದನ್ನು ಚಂದವಾಗಿ ಬರೆದುಕೊಂಡೆ. ಚಿತ್ರ ತೆಗೆದೆ. ನಾಲ್ಕು ಊರಿನ ಮೆಕ್ಯಾನಿಕ್ಕುಗಳನ್ನು ಸೇರಿಸಿ ಆ ಬಿರುಕಿನ ಬಗ್ಗೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದೆ. ಆಮೇಲೆ ಡ್ರೈವರಿಗೆ ಒಂದು ಮಾತೂ ಹೇಳದೆ ಬಸ್ಸನ್ನು ಗೇಟಿನಿಂದಾಚೆ ಬಿಟ್ಟೆ. ಬಸ್ಸು ಉರುಳಿತು. ಯಾಕಮ್ಮ ಹೇಳಲಿಲ್ಲ ಎಂದು ಜನ ಕೇಳಿದರೆ, ಡ್ರೈವರಿನ ಗುರುತು ದೃಢಪಡಿಸುವ ಅಧಿಕಾರ ನನಗಿಲ್ಲ ಎನ್ನಲೇ? ನನ್ನನ್ನು ಆ ಡಿಪೋದಲ್ಲಿ ಇಟ್ಟುಕೊಳ್ಳುತ್ತಾರೆಯೇ?

ನನ್ನ ತಮ್ಮ ಬಸ್ಸಲ್ಲ. ಇಷ್ಟು ಜೋರು ಓಡುವವನು ಯಾರೂ ಇಲ್ಲವೆಂದು ಅವನನ್ನು ಠಾಣೆಯಲ್ಲಿ 'ಗಾಳಿ' ಎನ್ನುತ್ತಿದ್ದರು. ಗಾಳಿ ಬಂದ, ದಾರಿ ಬಿಡ್ರೋ ಎನ್ನುತ್ತಿದ್ದರು. ಅವನ ಎದೆಯೊಳಗೆ ಏನಿದೆಯೆಂದು ಊರಾಚೆ ಕುಳಿತ ನಾಲ್ಕು ಜನರಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಈಗ ಅಳಿಲಿಗೆ ಶಾಲೆಯಲ್ಲಿ ಹಗ್ಗ ಹತ್ತುವುದು ಬಂದ್, ಓಟದ ಪಂದ್ಯ ಬಂದ್. ಅವಳಿಗೂ ಸಿಟ್ಟು. "ನಾನೇನ್ ತಪ್ಪು ಮಾಡ್ದೆ ಅತ್ತೆ? ಅಪ್ಪನ ಹೃದಯ ಸೋಮಾರಿಯಾಗಿತ್ತಾ? ನಂದೂನಾ?" ಎಂದು ಕೇಳುತ್ತಾಳೆ. ಅವಳಮ್ಮ ಎದ್ದು ಒಳಗೆ ಹೋಗುತ್ತಾಳೆ. ಡಾಕ್ಟರನ್ನು ಕೇಳೋಣವೆಂದು ಹೋಗುತ್ತೇನೆ. ಡಾಕ್ಟರು ಒಬ್ಬೊಬ್ಬರಿಗೆ ಆರು ನಿಮಿಷ ಕೊಡುತ್ತಾರೆ.

ನಿಮ್ಮ ನಿಯಮ ನಿಮ್ಮ ಬಳಿಯೇ ಇರಲಿ. ಮಯೋಸಿನ್ ಎಂದರೇನು, ಅದು ನಮ್ಮ ಮನೆಯವರ ಎದೆಯಲ್ಲಿ ಏನು ಮಾಡುತ್ತಿದೆ, ಅದನ್ನಾದರೂ ಒಂಬತ್ತು ವರ್ಷದ ಮಗುವಿಗೆ ತಿಳಿಯುವಂತೆ ಬರೆಯಿರಿ. ನಮ್ಮಿಂದ ತೆಗೆದುಕೊಂಡು ಕಲಿತದ್ದನ್ನು ನಮಗೇ ಹೇಳಲು ಯಾವ ಅಂಶವೂ ಅಡ್ಡ ಬರಲಾರದು.


ಏಪ್ರಿಲ್ 21

ಮೆಕ್ಯಾನಿಕ್ ಅವರಿಗೆ,

ಹಿಂದಿನ ಪತ್ರ ಬರೆಯುವ ಮೊದಲು ಸಂಸ್ಥೆಯ ವಕೀಲರಿಗೆ ಫೋನು ಮಾಡಿದ್ದೆ. ಅದರ ಅರ್ಧ ವಾಕ್ಯಗಳು ಅವರವು. ನೀವು ಬೈದದ್ದು ಸರಿ. ಮೂರು ಸಲ ಬರೆದು ಹರಿದು, ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಗುವಿಗೆ. ಅಪ್ಪನ ಹೃದಯ ಸೋಮಾರಿಯಾಗಿರಲಿಲ್ಲ ಎಂದು ಹೇಳಿ. ಅದಕ್ಕೆ ಬಿಡುವೇ ಗೊತ್ತಿರಲಿಲ್ಲ.

ನಮ್ಮ ಸ್ನಾಯುವಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿವೆ. ಒಂದು ಬಗೆಯ ಎಳೆ ಹಗ್ಗದ ಹಾಗೆ ಸುಮ್ಮನೆ ಇರುತ್ತದೆ. ಇನ್ನೊಂದು ಬಗೆಯದು ಮಯೋಸಿನ್ನಿನದು. ಅದರ ಮೈತುಂಬ ಪುಟ್ಟ ಪುಟ್ಟ ಕೈಗಳು. ಹೃದಯ ಮಿಡಿಯಬೇಕಾದಾಗ ಆ ಕೈಗಳು ಹಗ್ಗ ಹಿಡಿದು ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಕೋಟಿ ಕೋಟಿ ಕೈಗಳು ಒಟ್ಟಿಗೆ ಎಳೆದಾಗ ಹೃದಯ ಮುಷ್ಟಿ ಕಟ್ಟುತ್ತದೆ, ರಕ್ತ ಮೈಗೆ ಹರಿಯುತ್ತದೆ. ಎಲ್ಲ ಕೈಗಳೂ ಯಾವಾಗಲೂ ಕೆಲಸ ಮಾಡಬೇಕಿಲ್ಲ. ಆರೋಗ್ಯವಂತರಲ್ಲಿ ಎಷ್ಟೋ ಕೈಗಳು ಮಡಚಿಕೊಂಡು ವಿಶ್ರಾಂತಿಯಲ್ಲಿರುತ್ತವೆ, ಓಡುವಾಗ ಮಾತ್ರ ಎದ್ದು ಬರುತ್ತವೆ. ನಿಮ್ಮ ತಂದೆಯವರ ಮಯೋಸಿನ್ನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅಷ್ಟಕ್ಕೇ ಆ ಕೈಗಳಿಗೆ ಮಡಚಿಕೊಳ್ಳಲು ಬರದಾಯಿತು. ಬೇಕಾದ್ದಕ್ಕಿಂತ ಹೆಚ್ಚು ಕೈಗಳು ಎಳೆಯುತ್ತಲೇ ಇದ್ದವು. ಹೃದಯ ಬಿಗಿಯಿತು, ಸಡಿಲವಾಗುವುದನ್ನು ಮರೆಯಿತು. ವರ್ಷ ಕಳೆದಂತೆ ಗೋಡೆ ದಪ್ಪವಾಯಿತು, ಎಳೆಗಳ ಸಾಲು ತಪ್ಪಿತು, ನಡುನಡುವೆ ಗಾಯದ ಕಲೆಗಳಾದವು. ಅಂಥ ಹೃದಯದಲ್ಲಿ ಮಿಡಿತದ ತಾಳ ಒಮ್ಮೆಲೇ ಕೆಡಬಹುದು. ಎಲ್ಲರಿಗೂ ಹಾಗಾಗುವುದಿಲ್ಲ. ಎಷ್ಟೋ ಜನ ಮುಪ್ಪಿನವರೆಗೆ ಬಾಳುತ್ತಾರೆ. ಮಗುವಿಗೆ ಇದನ್ನೂ ಹೇಳಿ, ತಪ್ಪದೆ.

ಕಾಲನ್ನು ಯಾಕೆ ಕೊಯ್ದೆವು ಎಂದು ನಿಮ್ಮ ತಂದೆ ಕೇಳಿದ್ದು ಒಳ್ಳೆಯ ಪ್ರಶ್ನೆ. ಹೃದಯದಲ್ಲಿರುವ ಮಯೋಸಿನ್ನೇ ಮೀನಖಂಡದ ನಿಧಾನದ ಸ್ನಾಯುವಿನಲ್ಲೂ ಇದೆ. ಜೀವಂತ ಮನುಷ್ಯನ ಹೃದಯವನ್ನು ಕೆತ್ತಲಾರೆವು, ಕಾಲಿನಿಂದ ತೆಗೆಯಬಹುದು. ಆ ಮಯೋಸಿನ್ನನ್ನು ಗಾಜಿನ ಮೇಲೆ ಹರಡಿ ಅದು ಎಳೆಗಳನ್ನು ಎಷ್ಟು ವೇಗವಾಗಿ ತಳ್ಳುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿದವಳು ನಾನೇ.

ಇನ್ನು ನಿಮ್ಮ ಪ್ರಶ್ನೆ. ಫಲಿತಾಂಶ ಬಂದ ದಿನ ನಾನು ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, "ಸರ್, ಪೇಂಟರ್ ಮನೆಯ ಚಿಕ್ಕ ಹುಡುಗನಲ್ಲೂ ಇದೆ. ಅವರಿಗೆ ಹೇಳೋಣವಾ?" ಎಂದೆ. ಅವರು ಕನ್ನಡಕ ಒರೆಸುತ್ತಾ, "ಹೇಳಿ ಏನ್ ಮಾಡ್ತೀಯಮ್ಮ? ಮದ್ದಿಲ್ಲ. ಸುಮ್ನೆ ಹೆದರ್ತಾರೆ. ನಾವು ಸಂಶೋಧಕರು, ಅವರ ಡಾಕ್ಟರಲ್ಲ" ಎಂದರು. ನನಗಾಗ ನಲವತ್ತೇಳು. ಎದುರು ಮಾತಾಡಬಹುದಿತ್ತು. ನಾನು ಬಾಯಿ ಮುಚ್ಚಿಕೊಂಡು ನನ್ನ ಮೇಜಿಗೆ ಮರಳಿದೆ.

ಇದು ಕ್ಷಮೆ ಕೇಳುವ ಪತ್ರವಲ್ಲ. ಕೇಳಿದ್ದಕ್ಕೆ ಉತ್ತರ.


ಏಪ್ರಿಲ್ 27

ಡಾಕ್ಟರಮ್ಮನವರಿಗೆ,

ಮಯೋಸಿನ್ನಿನ ಭಾಗವನ್ನು ಅಳಿಲಿಗೆ ಎರಡು ಸಲ ಓದಿ ಹೇಳಿದೆ. ಕೇಳಿ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಬೆರಳು ಮಡಚಿ ಬಿಚ್ಚಿ ನೋಡಿಕೊಂಡಳು. ಆಮೇಲೆ, "ಹಾಗಾದ್ರೆ ಆ ಕೈಗಳಿಗೆ ಸಾಕು, ಕೂತ್ಕೊಳ್ಳಿ ಅಂತ ಹೇಳೋ ಮಾತ್ರೆ ಇಲ್ವಾ?" ಎಂದಳು. ಡಾಕ್ಟರಿಗೆ ಕೇಳಿದೆ. ಅಂಥದ್ದೊಂದು ಬಂದಿದೆಯಂತೆ, ಸದ್ಯ ಕೆಲವು ದೊಡ್ಡವರಿಗೆ ಕೊಡುತ್ತಾರಂತೆ, ಇವಳಿಗೆ ಈಗ ಅದರ ಅಗತ್ಯವಿಲ್ಲವಂತೆ. ಮದ್ದು ಬೇಕೆಂದು ಒಂಬತ್ತು ವರ್ಷದವಳಿಗೆ ಹೊಳೆಯಿತು. ನಿಮ್ಮ ಮುಖ್ಯಸ್ಥರು ಕನ್ನಡಕ ಒರೆಸುತ್ತಿದ್ದರು.

ಅವರು ಹೇಳಿದ್ದು ಸುಳ್ಳು. ಮದ್ದಿಲ್ಲದಿದ್ದರೂ ಮಾಡುವುದು ಇತ್ತು. ನಮ್ಮ ಡಾಕ್ಟರು ವಿವರಿಸಿದರು. ತಾಳ ತಪ್ಪಿದಾಗ ಒಳಗಿಂದಲೇ ಪೆಟ್ಟು ಕೊಟ್ಟು ಸರಿ ಮಾಡುವ ಯಂತ್ರವನ್ನು ಭುಜದ ಕೆಳಗೆ ಹೂಳುತ್ತಾರಂತೆ. ಅದು ಆಗಲೂ ಇತ್ತಂತೆ. ವರ್ಷಕ್ಕೊಂದು ಸ್ಕ್ಯಾನ್ ಆಗಲೂ ಮಾಡಬಹುದಿತ್ತು. ಬೇರೆ ಕೆಲಸ ಹಿಡಿಯಪ್ಪಾ ಎಂದು ಹೇಳಲು ಯಾವ ಯಂತ್ರವೂ ಬೇಕಿರಲಿಲ್ಲ.

ಅವನು ಸತ್ತ ದಿನ ಠಾಣೆಗೆ ಹೋಗಿದ್ದೆ. ಅವನ ಬೂಟುಗಳನ್ನು ಯಾರೋ ಒರೆಸಿ ಜೋಡಿಸಿಟ್ಟಿದ್ದರು. ಠಾಣಾಧಿಕಾರಿ ಕೈ ಹಿಡಿದು ಅತ್ತರು. "ನಾನೇ ಅಮ್ಮ, ಇನ್ನೊಂದ್ಸಲ ಹತ್ತು ಅಂದೋನು" ಎಂದರು. ಆ ಮನುಷ್ಯ ಅಂದಿನಿಂದ ಸರಿಯಾಗಿ ಉಂಡಿಲ್ಲವಂತೆ. ಅವರಿಗೂ ನೀವು ಉತ್ತರ ಹೇಳಬೇಕು.

ನಮ್ಮ ಡಾಕ್ಟರು, "ಪೇಂಟರಿಗೆ ಹೀಗಾಗಿದ್ದಾಗ ಮನೆಯವರು ಮುಂದೆ ಯಾರನ್ನೂ ವಿಚಾರಿಸಲಿಲ್ಲವಾ?" ಎಂದು ಕೇಳಿದರು. ವಿಚಾರಿಸಬೇಕು ಎಂದು ನಮಗೆ ಹೇಗೆ ಗೊತ್ತಾಗಬೇಕು? ನನ್ನ ತಮ್ಮ ಪಾಪದವನು. ಇಂಥದ್ದೊಂದನ್ನು ಕೇಳಬೇಕೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಇನ್ನೊಂದು ಮಾತು. ನಾವು ಮನೆತನ 3. ಪ್ರಬಂಧದಲ್ಲಿ ಹನ್ನೊಂದು ಮನೆತನಗಳಿವೆ. ಉಳಿದ ಹತ್ತು ಮನೆಗಳಿಗೆ ಯಾರು ಹೇಳಿದರು?


ಜೂನ್ 18

ಮೆಕ್ಯಾನಿಕ್ ಅವರಿಗೆ,

ಇಷ್ಟು ದಿನ ನಾನು ಬರೆಯದಿದ್ದುದಕ್ಕೆ ನಿಮ್ಮ ಪತ್ರದ ಒಂದು ಸಾಲು ಕಾರಣ. ನಿಮ್ಮ ತಮ್ಮನಿಗೆ ಕೇಳಬೇಕೆಂದು ಹೊಳೆದಿರಲಿಲ್ಲ ಎಂದಿರಿ. ಹೊಳೆದಿತ್ತು. ಒಂಬತ್ತು ವರ್ಷದ ಹಿಂದೆ ಅವರು ನನಗೆ ಬರೆದಿದ್ದರು. ಆ ಪತ್ರ ನನ್ನ ಬಳಿ ಇದೆ. ಮೊದಲ ಪತ್ರದಲ್ಲೇ ಹೇಳಬೇಕಿತ್ತು, ಎರಡನೆಯದರಲ್ಲಿ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಈಗಲೂ ಬಂದಿಲ್ಲ, ಆದರೆ ಇದು ನಿಮಗೆ ಸೇರಿದ್ದು. ಮೂಲವನ್ನೇ ಕಳಿಸುತ್ತಿದ್ದೇನೆ. ಒಂದು ನಕಲನ್ನೂ ಇಟ್ಟುಕೊಂಡಿಲ್ಲ.

'ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನಾನು ಪೇಂಟರ್ ಮಗ. ಚಿಕ್ಕವನಿದ್ದಾಗ ನೀವು ನಮ್ಮೆಲ್ಲರ ರಕ್ತ ತೆಗೆದುಕೊಂಡಿದ್ದಿರಿ. ನನಗೆ ಅಗ್ನಿಶಾಮಕ ದಳದಲ್ಲಿ ಕೆಲಸ ಸಿಗುವ ಹಾಗಿದೆ. ಅರ್ಜಿಯಲ್ಲಿ ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದು ಕೇಳಿದ್ದಾರೆ. ಅಪ್ಪನಿಗೆ ಇತ್ತು. ನನ್ನ ರಕ್ತದಲ್ಲಿ ಏನಾದರೂ ಸಿಕ್ಕಿತ್ತೇ? ಇದ್ದರೆ ಇದೆ ಎನ್ನಿ, ನಾನು ಹೆದರುವುದಿಲ್ಲ. ಬೇರೆ ಕೆಲಸ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ನನಗೆ ಮಗಳು ಹುಟ್ಟಿದ್ದಾಳೆ, ಅದಕ್ಕೇ ಕೇಳುತ್ತಿದ್ದೇನೆ. ಸಾಧ್ಯವಾದರೆ ಬೇಗ ಉತ್ತರಿಸಿ, ಅರ್ಜಿಗೆ ಹದಿನೈದು ದಿನ ಉಳಿದಿದೆ.'

ನಾನು ಉತ್ತರಿಸಿದೆ. ಮುದ್ರಿತ ಕಾಗದದಲ್ಲಿ, ಮೂರು ಸಾಲು. ಒಪ್ಪಿಗೆ ಪತ್ರದ ಒಂಬತ್ತನೆಯ ಅಂಶದ ಪ್ರಕಾರ ಫಲಿತಾಂಶ ತಿಳಿಸಲಾಗದು ಎಂದು. ಕೆಳಗೆ ಸಹಿ ಹಾಕುವಾಗ, ಹೃದಯದ ಸ್ಕ್ಯಾನ್ ಮಾಡಿಸಿಕೊಳ್ಳಿ ಎಂದು ಒಂದು ಸಾಲು ಸೇರಿಸಲೇ ಎಂದು ಪೆನ್ನು ಹಿಡಿದು ಕುಳಿತಿದ್ದೆ. ಸೇರಿಸಲಿಲ್ಲ. ಆಗ ಮುಖ್ಯಸ್ಥರಿರಲಿಲ್ಲ, ಅವರು ತೀರಿಕೊಂಡು ವರ್ಷವಾಗಿತ್ತು. ಆ ಕುರ್ಚಿಯಲ್ಲಿ ನಾನೇ ಇದ್ದೆ. ತಡೆಯುವವರು ಯಾರೂ ಇರಲಿಲ್ಲ.

ಉಳಿದ ಹತ್ತು ಮನೆಗಳಿಗೆ ಯಾರೂ ಹೇಳಿಲ್ಲ.


ಜೂನ್ 24

ನನ್ನ ತಮ್ಮನ ಅಕ್ಷರ ಗುಂಡಗಿತ್ತು. ಮರೆತೇ ಹೋಗಿತ್ತು.

ನೀವು ಕೊಂದಿರಿ ಎಂದು ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ. ಈ ಸಲ ಹೊಡೆದುಹಾಕುವುದಿಲ್ಲ. ನೀವು ಕೊಂದಿರಿ.

ಇನ್ನು ಈ ವಿಳಾಸಕ್ಕೆ ಪತ್ರ ಹಾಕಬೇಡಿ.


ಆಗಸ್ಟ್ 10

ಬೇಡವೆಂದಿರಿ. ಆದರೂ ಹಾಕುತ್ತಿದ್ದೇನೆ. ನೀವು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಈಗ ಬದಲಾಗಿದೆ, ಅದನ್ನು ತಿಳಿಸಲೇಬೇಕು. ಓದದೆ ಹರಿದರೂ ಸರಿ.

ಸಂಸ್ಥೆಗೆ ಹೋಗಿ ಹತ್ತು ಮನೆಗಳ ವಿಳಾಸ ಕೇಳಿದೆ. ಕಡತ ಮುಚ್ಚಿದೆ, ಹೆಸರುಗಳ ಪಟ್ಟಿ ನಾಶವಾಗಿದೆ ಎಂದರು. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸ್ಯಾಂಪಲ್ ತರಲು ಮನೆಮನೆಗೆ ಹೋಗುತ್ತಿದ್ದವಳು ನಾನು, ದಾರಿ ತಪ್ಪದಿರಲೆಂದು ನನ್ನ ಕಿರುಹೊತ್ತಿಗೆಯಲ್ಲಿ ಬೀದಿ, ತಿರುವು, ಬಾಗಿಲಿನ ಬಣ್ಣ ಎಲ್ಲ ಗುರುತು ಹಾಕಿಕೊಂಡಿದ್ದೆ. ಅಟ್ಟದ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಏಳು ಮನೆಗಳ ಗುರುತು ಓದಲು ಬರುತ್ತದೆ.

ಜುಲೈ 8ರಂದು ಮೊದಲ ಬಾಗಿಲು ತಟ್ಟಿದೆ. ಅದು ಮನೆತನ 7, ಒಬ್ಬ ಶಾಲಾ ಮಾಸ್ತರರ ಮನೆ. "ನಮ್ಮನೇಲಿ ಯಾರಿಗೂ ಏನೂ ಇಲ್ಲ, ಮಗಳ ಮದುವೆ ಮಾತು ನಡೀತಿದೆ, ದಯವಿಟ್ಟು ಹೊರಡಿ" ಎಂದು ಮುಖದ ಮೇಲೆ ಬಾಗಿಲು ಹಾಕಿದರು. ಮೆಟ್ಟಿಲ ಮೇಲೆ ಕುಳಿತು, ಹೃದಯದ ಸ್ಕ್ಯಾನ್ ಮಾಡಿಸಿ ಎಂದು ಒಂದು ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ ಬಂದೆ. ಮನೆತನ 2 ಊರು ಬಿಟ್ಟಿದೆ, ಎಲ್ಲಿಗೆಂದು ನೆರೆಯವರಿಗೂ ಗೊತ್ತಿಲ್ಲ. ಮನೆತನ 5 ಒಬ್ಬ ಕ್ಷೌರಿಕರು. ಗಿರಾಕಿಯ ಗಲ್ಲದ ಮೇಲೆ ನೊರೆ ಇತ್ತು, ಅವರ ಕೈಯಲ್ಲಿ ಕತ್ತಿ ಇತ್ತು. ನಾನು ಯಾರೆಂದು ಹೇಳಿದೆ. ಕತ್ತಿಯನ್ನು ಮಡಚಿ ಕೆಳಗಿಟ್ಟರು. "ನಮ್ಮಣ್ಣ ಇಪ್ಪತ್ತಾರಕ್ಕೆ ಹೋದ. ಫುಟ್‌ಬಾಲ್ ಆಡ್ತಾ ಇದ್ದ. ಅವನ್ದೂ ನಿಮಗೆ ಗೊತ್ತಿತ್ತಾ?" ಎಂದರು. ಗೊತ್ತಿತ್ತು ಎಂದೆ. ಅರ್ಧ ನೊರೆಯ ಗಿರಾಕಿ ಎದ್ದು ಹೊರಗೆ ಹೋದ. ಅವರು ನನ್ನನ್ನು ಬೈದಷ್ಟು ನೀವೂ ಬೈದಿಲ್ಲ. ಬೈದು ಮುಗಿಸಿ, ಅಂಗಡಿಯ ಕದ ಎಳೆದು, ತಂಗಿಯನ್ನು ಕರೆದುಕೊಂಡು ನನ್ನ ಜೊತೆಯೇ ಆಸ್ಪತ್ರೆಗೆ ಬಂದರು. ತಂಗಿಯ ಹೃದಯದ ಗೋಡೆ ಇರಬೇಕಾದ್ದರ ಮೂರರಷ್ಟು ದಪ್ಪವಿದೆ. ಆಕೆ ಎರಡು ಸಲ ಪ್ರಜ್ಞೆ ತಪ್ಪಿದ್ದರಂತೆ, ಬಿಸಿಲಿಗೆ ಎಂದುಕೊಂಡಿದ್ದರಂತೆ. ಹೋದ ವಾರ ಭುಜದ ಕೆಳಗೆ ಯಂತ್ರ ಇಟ್ಟಿದ್ದಾರೆ.

ಜುಲೈ 27ರಂದು ಸಂಸ್ಥೆಯಿಂದ ನನಗೆ ನೋಟೀಸು ಬಂತು. ಸಂಶೋಧನೆಯಲ್ಲಿ ಭಾಗವಹಿಸಿದವರ ಗೋಪ್ಯತೆಯನ್ನು ಉಲ್ಲಂಘಿಸಿದ್ದೇನೆ, ಸೆಪ್ಟೆಂಬರ್ 2ರ ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿಯ ಮುಂದೆ ಹಾಜರಾಗಬೇಕು ಎಂದು. ಮಾಸ್ತರರು ದೂರು ಕೊಟ್ಟಿರಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಇನ್ನೂ ನಾಲ್ಕು ಬಾಗಿಲು ಉಳಿದಿವೆ. ನಾಳೆ ಒಂದು.


ಆಗಸ್ಟ್ 19

ಡಾಕ್ಟರಮ್ಮನವರಿಗೆ,

ಹರಿಯಲು ಕೈಯಲ್ಲಿ ಹಿಡಿದಿದ್ದೆ. ಅಳಿಲಿನ ಅಮ್ಮ ಕಸಿದುಕೊಂಡು ಜೋರಾಗಿ ಓದಿದಳು. ಕ್ಷೌರಿಕರ ತಂಗಿಯ ಸುದ್ದಿಯನ್ನು ಎರಡು ಸಲ ಓದಿದಳು. ಆಮೇಲೆ, "ಒಂದು ಜೀವ ಉಳೀತಲ್ಲ ಅತ್ತಿಗೆ" ಎಂದಳು. ಇಷ್ಟು ತಿಂಗಳಲ್ಲಿ ಅವಳು ನಿಮ್ಮ ಬಗ್ಗೆ ಆಡಿದ ಮೊದಲ ಮಾತು ಅದು.

ನಾನು ಒಂದು ಸುಳ್ಳು ಬರೆದಿದ್ದೆ, ಅದನ್ನು ಮೊದಲು ತೊಳೆದುಕೊಳ್ಳುತ್ತೇನೆ. ನನ್ನ ತಮ್ಮನಿಗೆ ಕೇಳಬೇಕೆಂದು ಹೊಳೆದಿರಲಿಲ್ಲ ಎಂದಿದ್ದೆ. ಹೊಳೆದಿತ್ತು. ನಿಮಗೆ ಬರೆದದ್ದು ನನಗೆ ಗೊತ್ತಿರಲಿಲ್ಲ, ಆದರೆ ಆ ಅರ್ಜಿ ಹಿಡಿದು ಅವನು ಡಿಪೋಗೆ ಬಂದಿದ್ದ. ನಾನು ಬಸ್ಸಿನ ಕೆಳಗೆ ಮಲಗಿದ್ದೆ. ಅವನ ಬೂಟು ಮಾತ್ರ ಕಾಣುತ್ತಿತ್ತು. "ಅಕ್ಕಾ, ಹೃದಯದ ತೊಂದರೆ ಅನ್ನೋ ಕಡೆ ಅಪ್ಪನ ವಿಷಯ ಬರೀಲಾ?" ಎಂದ. "ಹುಚ್ಚಾ, ಬರೆದ್ರೆ ಕೆಲಸ ಸಿಗುತ್ತಾ? ಅಪ್ಪ ಏಣಿಯಿಂದ ಬಿದ್ದದ್ದು. ಹಾಗೇ ಬರಿ. ಏನಾದ್ರೂ ಇದ್ದಿದ್ರೆ ಆ ಡಾಕ್ಟರಮ್ಮ ಹೇಳ್ತಿದ್ರು" ಎಂದೆ. ಬಸ್ಸಿನ ಕೆಳಗಿಂದ ಹೊರಗೆ ಬಂದು ಅವನ ಮುಖವನ್ನೂ ನೋಡಲಿಲ್ಲ. ನಿಮ್ಮ ಮೂರು ಸಾಲಿನ ಕಾಗದ ಆಗ ಅವನ ಜೇಬಿನಲ್ಲಿ ಇತ್ತೋ ಏನೋ.

ಇದನ್ನು ಹೇಳಿದ್ದು ನಿಮ್ಮ ಹೊರೆ ಇಳಿಸಲು ಅಲ್ಲ. ನಾನು ಗೊತ್ತಿಲ್ಲದೆ ಹೇಳಿದೆ, ನೀವು ಗೊತ್ತಿದ್ದೂ ಹೇಳಲಿಲ್ಲ. ಎರಡೂ ಒಂದೇ ಎಂದು ಯಾರಾದರೂ ಅಂದರೆ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಅವನ ಮುಖ ನೋಡಲಿಲ್ಲವಲ್ಲ, ಅದು ನನ್ನದೇ.

ಈಗ ಸಮಿತಿಯ ವಿಷಯ. ನೀವು ಬಾಗಿಲು ತಟ್ಟಿದ್ದು ಜುಲೈ 8, ನೋಟೀಸು ಬಂದದ್ದು 27. ಹತ್ತೊಂಬತ್ತು ದಿನ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಹತ್ತೊಂಬತ್ತು ವರ್ಷ ಯಾರನ್ನೂ ಕರೆಯದವರು, ಬಾಯಿ ಬಿಟ್ಟ ಹತ್ತೊಂಬತ್ತು ದಿನಕ್ಕೆ ಕರೆದಿದ್ದಾರೆ! ಇದನ್ನು ಓದಿದಾಗ ನಿಮ್ಮ ಮೇಲಿದ್ದ ಸಿಟ್ಟಿಗೆ ಜೊತೆಗಾರ ಸಿಕ್ಕಿದ ಹಾಗಾಯಿತು.

ನಾನು ಬರುತ್ತೇನೆ. ನಿಮ್ಮನ್ನು ಉಳಿಸಲು ಬರುತ್ತಿಲ್ಲ, ಆ ಭ್ರಮೆ ಬೇಡ. ಅವರು ಯಾರ ಗುಟ್ಟು ಕಾಪಾಡುತ್ತಿದ್ದಾರೆ ಎಂದು ಕೇಳಲು ಬರುತ್ತೇನೆ. ಗುಟ್ಟು ನಮ್ಮದು, ಅದನ್ನು ನಮ್ಮಿಂದಲೇ ಕಾಪಾಡಿದರಲ್ಲ! ಕ್ಷೌರಿಕರ ವಿಳಾಸ ಕಳಿಸಿ. ತಲುಪಿದ ಎಲ್ಲ ಮನೆಗಳ ವಿಳಾಸ ಕಳಿಸಿ, ಅವರು ಒಪ್ಪಿದರೆ ಮಾತ್ರ. ಕೇಳಿಯೇ ಕಳಿಸಿ.


ಸೆಪ್ಟೆಂಬರ್ 9

ಡಾಕ್ಟರಮ್ಮನವರಿಗೆ,

ಮೊನ್ನೆ ಎರಡನೇ ತಾರೀಖು ಸಮಿತಿಯ ಕಾರಿಡಾರಿನಲ್ಲಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮನ್ನು ನಾನು ಗುರುತಿಸಲಿಲ್ಲ. ನನ್ನ ನೆನಪಿನಲ್ಲಿದ್ದವಳು ಎತ್ತರದ ಹೆಂಗಸು. ಬೆಂಚಿನ ತುದಿಯಲ್ಲಿ ಚೀಲ ಅವುಚಿಕೊಂಡು ಕುಳಿತಿದ್ದ ಮುದುಕಿ ನೀವೆಂದು ಕ್ಷೌರಿಕರು ತೋರಿಸಿದ ಮೇಲೆ ತಿಳಿಯಿತು. ನಾಲ್ಕು ಮಾತು ಬೈಯಲೆಂದು ಬಂದವಳು ನಿಮ್ಮನ್ನು ದಾಟಿ ಒಳಗೆ ಹೋದೆ. ಅದು ಕ್ಷಮೆಯಲ್ಲ, ಬರೀ ಗಲಿಬಿಲಿ.

ಸಮಿತಿಯವರ ಮುಖ ನೆನೆದರೆ ಈಗಲೂ ನಗು ಬರುತ್ತದೆ. ಅವರ ಕೋಣೆಯಲ್ಲಿ ಇದ್ದದ್ದು ಒಂಬತ್ತು ಕುರ್ಚಿ, ಬಂದವರು ನಾವು ಇಪ್ಪತ್ತಾರು ಜನ. ಐದು ಮನೆತನ. ಮಾಸ್ತರರ ಮಗಳೂ ಬಂದಿದ್ದಳು, ಕಂಡಿರಾ? ಚೀಟಿ ಅವಳ ಕೈಗೆ ಸಿಕ್ಕಿತ್ತಂತೆ. ಅಪ್ಪನಿಗೆ ಹೇಳದೆ ಸ್ಕ್ಯಾನ್ ಮಾಡಿಸಿಕೊಂಡು, ಅಪ್ಪನನ್ನೂ ಎಳೆದುಕೊಂಡು ಹೋಗಿ ಮಾಡಿಸಿದಳಂತೆ. ಅವಳಿಗಿಲ್ಲ, ಅಪ್ಪನಿಗಿದೆ.

ಅಧ್ಯಕ್ಷರು, "ಇದು ಸಾರ್ವಜನಿಕ ಸಭೆಯಲ್ಲ, ಭಾಗವಹಿಸಿದವರ ಹಿತದೃಷ್ಟಿಯಿಂದ..." ಎಂದು ಶುರು ಮಾಡಿದಾಗ ನಾನು ಎದ್ದೆ. "ಭಾಗವಹಿಸಿದವರು ನಾವೇ ಸಾರ್. ಹಿತ ಹೇಗಿದೆ ಅಂತ ನಮ್ಮನ್ನೇ ಕೇಳಿ" ಎಂದೆ. ಆಮೇಲೆ ತಮ್ಮನ ಪತ್ರ ಓದಿದೆ. 'ಇದ್ದರೆ ಇದೆ ಎನ್ನಿ, ನಾನು ಹೆದರುವುದಿಲ್ಲ' ಎನ್ನುವಲ್ಲಿ ಮುಂದಿನ ಸಾಲು ಕಾಣಲಿಲ್ಲ, ಕ್ಷೌರಿಕರು ತೆಗೆದುಕೊಂಡು ಓದಿ ಮುಗಿಸಿದರು. ನೀವು ಎದ್ದು ನಿಂತು, "ಇದಕ್ಕೆ ಮೂರು ಸಾಲಿನ ಉತ್ತರ ಬರೆದವಳು ನಾನು. ದಾಖಲಿಸಿಕೊಳ್ಳಿ" ಎಂದಿರಿ. ಬರೆದುಕೊಳ್ಳುವ ಗುಮಾಸ್ತ ಪೆನ್ನು ಕೆಳಗಿಟ್ಟಿದ್ದ. "ಬರ್ಕೊಳ್ಳಪ್ಪಾ" ಎಂದು ನೀವು ಗದರಿದಿರಿ. ಅದೊಂದು ನನಗೆ ಹಿಡಿಸಿತು.

ಏನಾಯಿತೆಂದು ನಿಮಗೂ ನಿನ್ನೆ ಪತ್ರ ಬಂದಿರಬೇಕು. ನಿಮ್ಮ ಹೆಸರನ್ನು ಸಂಸ್ಥೆಯ ಪಟ್ಟಿಯಿಂದ ತೆಗೆದಿದ್ದಾರೆ, ಗ್ರಂಥಾಲಯದ ಚೀಟಿ ಕಿತ್ತುಕೊಂಡಿದ್ದಾರೆ. ಉಳಿದ ಮನೆಗಳನ್ನು ತಾವೇ ಹುಡುಕಿ ತಿಳಿಸುತ್ತಾರಂತೆ. ನಾಶವಾಗಿದೆ ಎಂದಿದ್ದ ಪಟ್ಟಿ ಈಗ ಯಾವುದೋ ಕಪಾಟಿನಲ್ಲಿ ಸಿಕ್ಕಿದೆಯಂತೆ! ಮನೆಗಳಿಗೆ ಕಳಿಸುವ ಪತ್ರದ ಕರಡನ್ನು ನಮಗೆ ತೋರಿಸಿದರು. 'ಸಂಭವನೀಯ ಆನುವಂಶಿಕ ಪ್ರಾಮುಖ್ಯತೆಯ ಮಾಹಿತಿ' ಎಂದಿತ್ತು. ಕ್ಷೌರಿಕರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, 'ನಿಮ್ಮ ಹೃದಯಕ್ಕೆ ಅಪಾಯವಿರಬಹುದು, ದಯವಿಟ್ಟು ಪರೀಕ್ಷೆ ಮಾಡಿಸಿ, ನಾವು ಮೊದಲೇ ಹೇಳಬೇಕಿತ್ತು' ಎಂದು ಬರೆದು ವಾಪಸು ಕಳಿಸಿದ್ದಾರೆ. ಹಾಗೆಯೇ ಅಚ್ಚಾಗುವ ತನಕ ನಾವು ಬಿಡುವುದಿಲ್ಲ.

ಹೊರಡುವಾಗ, ಒಂದು ಲೋಟ ಚಹಾ ಕುಡಿಯೋಣವಾ ಎಂದು ನೀವು ಕೇಳಿದಿರಿ. ನಾನು ಇಲ್ಲ ಎಂದೆ. ಈಗಲೂ ಇಲ್ಲವೇ. ನಿಮ್ಮ ಎದುರು ಕುಳಿತು ಚಹಾ ಕುಡಿಯುವ ದಿನ ಬರುತ್ತದೋ ಇಲ್ಲವೋ, ಬರಬೇಕೆಂಬ ಆಸೆಯೂ ನನಗಿಲ್ಲ.

ಆದರೆ ಅಳಿಲಿನ ಸ್ಕ್ಯಾನ್ ಇದೇ ಇಪ್ಪತ್ತೆರಡಕ್ಕೆ ಇದೆ. ಡಾಕ್ಟರು ಪರದೆಯ ಮೇಲೆ ಏನೋ ತೋರಿಸುತ್ತಾರೆ, ಅವಳು ನೂರು ಪ್ರಶ್ನೆ ಕೇಳುತ್ತಾಳೆ, ನಾನೂ ಅವಳಮ್ಮನೂ ಮುಖ ಮುಖ ನೋಡಿಕೊಳ್ಳುತ್ತೇವೆ. ಅವಳಿಗೆ ಸುಳ್ಳು ಹೇಳದೆ, ಹೆದರಿಸದೆ ಉತ್ತರ ಕೊಡುವವರು ಒಬ್ಬರು ಪಕ್ಕದಲ್ಲಿರಬೇಕು. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು, ಒಂದನ್ನೂ ಬಿಡಬಾರದು. ಆ ಕೆಲಸ ನಿಮ್ಮದು.

ಹೃದಯ ವಿಭಾಗ, ಎರಡನೇ ಮಹಡಿ, ಬೆಳಿಗ್ಗೆ ಒಂಬತ್ತೂವರೆ. ತಡ ಮಾಡಬೇಡಿ.

ಪೇಂಟರ್ ಮಗಳು